ದಾವಣಗೆರೆ ಊರೊಳಗೆ ಎರಡು ಹಸು, ಒಂದು ನಾಯಿಮರಿ, ಹಳ್ಳಿಯಲ್ಲಿ ಕುರಿ: ಏನೇನು ಕಾಗದ ಬೇಕು?

ಬಾತಿಕೆರೆ ಕೇಳಿದ್ದು (ಇದೂ, ಕೆಳಗಿನ ಉತ್ತರಗಳ ಮೇಲಿರೋದೂ ಬರೆದವರ ಅಡ್ಡಹೆಸರು):

ಪಾಲಿಕೆ ವ್ಯಾಪ್ತಿಯ ಬಡಾವಣೆ, 30x40 ಸೈಟು, ಸ್ವಂತ ಮನೆ. ಹಿಂದುಗಡೆ ಶೀಟ್ ಹಾಕಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಕಟ್ಟಿದ್ದೇವೆ. ಬೆಳಿಗ್ಗೆ ಹಾಲು ಕರೆದ ಮೇಲೆ ಖಾಲಿ ಸೈಟುಗಳ ಕಡೆ ಬಿಡ್ತೀವಿ, ಸಂಜೆ ತಾವೇ ಬರ್ತಾವೆ. ಸಗಣಿ ಪಕ್ಕದ ಖಾಲಿ ಸೈಟಿನ ತಿಪ್ಪೆಗೆ, ತೊಳೆದ ನೀರು ಚರಂಡಿಗೆ. ಈಗ ಬೀದಿಯವರು ದೂರು ಕೊಟ್ಟಿದ್ದಾರೆ, ಆರೋಗ್ಯ ನಿರೀಕ್ಷಕರು ಬಂದು ನೋಡಿ ಹೋದರು. ಲಿಖಿತ ನೋಟಿಸ್ ಇನ್ನೂ ಇಲ್ಲ.

ಹಸು ತೆಗೆಸಿಬಿಡ್ತಾರಾ? ಮಗನಿಗೆ ಲ್ಯಾಬ್ರಡಾರ್ ಮರಿ ತರಬೇಕು, ಅದಕ್ಕೆ ಲೈಸೆನ್ಸ್ ಬೇಕಾ? ಜಗಳೂರು ಹತ್ತಿರದ ಹೊಲಕ್ಕೆ ಚಳ್ಳಕೆರೆ ಕಡೆಯಿಂದ 20 ಕುರಿ ತರೋ ಯೋಚನೆ ಇದೆ, ಟಾಟಾ ಏಸ್‌ನಲ್ಲಿ ತಂದರೆ ದಾರಿಯಲ್ಲಿ ಯಾರಾದರೂ ಹಿಡಿದರೆ ಏನು ತೋರಿಸಬೇಕು?

ಕೊಟ್ಟಿಗೆ ಲೆಕ್ಕ:

ಎರಡು ಹಸು ಇದೆ ಅನ್ನೋ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಯಾರೂ ಬರೋದಿಲ್ಲ. ಸಗಣಿ, ಗಂಜಲ, ನೊಣ, ರಸ್ತೆಯಲ್ಲಿ ಮಲಗಿದ ದನ, ಈ ನಾಲ್ಕಕ್ಕೇ ದೂರು ಹೋಗೋದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಸಾರ್ವಜನಿಕರಿಗೆ ತೊಂದರೆಯಾಗೋದನ್ನ ತಡೆಯೋ ಅಧಿಕಾರ ಪಾಲಿಕೆಗೆ ಇದೆ. ಹಾಗಾಗಿ ನೋಟಿಸ್ ಬರೋ ಮುಂಚೆ ಸರಿಮಾಡಿ, ಫೋಟೋ ತೆಗೆದು, ಪಾಲಿಕೆಯ ಆರೋಗ್ಯ ಶಾಖೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನ ಮುಗೀತು.

ಈಗ ಲೆಕ್ಕ ನೋಡಿ. 400 ಕೆಜಿ ತೂಕದ ಹಸು ದಿನಕ್ಕೆ 15ರಿಂದ 20 ಕೆಜಿ ಸಗಣಿ, ಲೀಟರ್ ಲೆಕ್ಕದಲ್ಲಿ ಸುಮಾರು ಅದರ ಅರ್ಧದಷ್ಟು ಗಂಜಲ ಹಾಕುತ್ತೆ. ಎರಡರಿಂದ ದಿನಕ್ಕೆ 30-40 ಕೆಜಿ, ತಿಂಗಳಿಗೆ ಒಂದು ಟನ್. ಬೇರೆಯವರ ಸೈಟಿನಲ್ಲಿ ತಿಪ್ಪೆ ಹಾಕೋದು ಮೊದಲ ತಪ್ಪು, ಮಾಲೀಕರ ಒಪ್ಪಿಗೆ ಪತ್ರ ಇಲ್ಲದಿದ್ದರೆ ಇವತ್ತೇ ನಿಲ್ಲಿಸಿ. ಇನ್ನು ನೊಣ: ಬೇಸಿಗೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರೋಕೆ ಏಳರಿಂದ ಹತ್ತು ದಿನ ಸಾಕು. ಅಂದರೆ ತಿಂಗಳಿಗೊಮ್ಮೆ ಟ್ರ್ಯಾಕ್ಟರ್ ಕರೆಸಿದರೆ ಮೂರು ತಲೆಮಾರು ನೊಣ ಸಾಕಿದ ಹಾಗೆ. ನಾಲ್ಕೈದು ದಿನಕ್ಕೊಮ್ಮೆ ಹೊಲಕ್ಕೆ ಸಾಗಿಸಿ, ಅಲ್ಲಿವರೆಗೆ ತಾಡಪಾಲು ಮುಚ್ಚಿ.

ನೀರಿನ ವಿಷಯದಲ್ಲಿ ಎಲ್ಲರೂ ಮಾಡೋದು ಒಂದೇ: ಪೈಪ್ ಹಿಡಿದು ಸಗಣಿ ಸಮೇತ ತಳ್ಳಿಬಿಡೋದು. ಚರಂಡಿಗೆ ಬಿಟ್ಟರೆ ನಾರು ಕೂತು ಹೂಳು, ಯುಜಿಡಿಗೆ (ಒಳಚರಂಡಿಗೆ) ಬಿಟ್ಟರೆ ಚೇಂಬರ್ ಕಟ್ಟಿಕೊಂಡು ಪಕ್ಕದ ಮನೆ ಬಚ್ಚಲಲ್ಲಿ ಉಕ್ಕುತ್ತೆ. ಮೊದಲು ಸಲಿಕೆಯಿಂದ ಒಣದಾಗಿ ಬಾಚಿ, ಆಮೇಲೆ ತೊಳೆಯಿರಿ. ನೆಲಕ್ಕೆ 40ಕ್ಕೆ 1ರ ಇಳಿಜಾರು ಬೇಕು, ಅಂದರೆ ಹತ್ತು ಅಡಿಗೆ ಮೂರು ಇಂಚು. ಇದಕ್ಕಿಂತ ಕಮ್ಮಿಯಾದರೆ ಗಂಜಲ ನಿಂತು ಗೊರಸು ಕೊಳೆಯುತ್ತೆ, ತುಂಬಾ ಜಾಸ್ತಿಯಾದರೆ ಗಬ್ಬದ ಹಸು ಜಾರುತ್ತೆ. ಕೊನೆಯಲ್ಲಿ ಎರಡಡಿ ಚೌಕ, ಎರಡಡಿ ಆಳದ ತೊಟ್ಟಿ ಕಟ್ಟಿ ಬಾಯಿಗೆ ಜಾಲರಿ ಹಾಕಿ.

ಜಾಗ ಇದ್ದರೆ ಗೋಬರ್ ಗ್ಯಾಸ್ ಮಾಡಿಸೋದು ಒಳ್ಳೇದು. ಒಂದು ಘನ ಮೀಟರ್ ಘಟಕಕ್ಕೆ ದಿನಕ್ಕೆ 25 ಕೆಜಿ ಸಗಣಿ, ಅಷ್ಟೇ ನೀರು ಸಾಕು. ಕೊಟ್ಟಿಗೆ ತೊಳೆದ ನೀರನ್ನೇ ಆ ಕಲಸೋದಕ್ಕೆ ಬಳಸಿದರೆ ಚರಂಡಿ ತಂಟೆಯೇ ಇಲ್ಲ. ಆದರೆ ಫಿನಾಯಿಲ್ ಹಾಕಿ ತೊಳೆದ ನೀರು ಬೇಡ, ಗ್ಯಾಸ್ ಮಾಡೋ ಸೂಕ್ಷ್ಮಜೀವಿ ಸಾಯ್ತಾವೆ. ಸಹಾಯಧನ ಸಿಗುತ್ತೆ ಅಂತ ಎರಡು ಘನ ಮೀಟರಿನದು ಹಾಕಿಸಬೇಡಿ. ಅದಕ್ಕೆ ದಿನಾ 50 ಕೆಜಿ ಬೇಕು, ನಿಮ್ಮಲ್ಲಿ ಅಷ್ಟಿಲ್ಲ.

ದನ ಬಿಡೋದನ್ನ ಮಾತ್ರ ಪೂರ್ತಿ ನಿಲ್ಲಿಸಲೇಬೇಕು. ಬೈಕಿನವನು ಬಿದ್ದು ಕೈಕಾಲು ಮುರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಮಾಲೀಕನ ಮೇಲೆ ಬರುತ್ತೆ: ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರಿಹಾರದ ದಾವೆ ಬೇರೆ. ಪಾಲಿಕೆಯವರು ಹಿಡಿದುಕೊಂಡು ಹೋದರೆ ದಂಡದ ಜೊತೆ ಮೇವಿನ ಖರ್ಚೂ ಕಟ್ಟಿ ಬಿಡಿಸಿಕೊಳ್ಳಬೇಕು, ಯಾರೂ ಹೋಗದಿದ್ದರೆ ಹರಾಜು. ಹೆದ್ದಾರಿಗಳಿಂದ ಬೀಡಾಡಿ ದನ ತೆಗೆಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ, ನಮ್ಮೂರ ಪಕ್ಕದಲ್ಲೇ ಎನ್‌ಎಚ್ 48 ಇದೆ. ಅದೂ ಅಲ್ಲದೆ ಖಾಲಿ ಸೈಟಲ್ಲಿ ಹಸು ತಿನ್ನೋದು ಹುಲ್ಲಲ್ಲ, ಗಂಟು ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲ. ಹೊಟ್ಟೆ ಕೊಯ್ದು ತೆಗೆಸೋ ಖರ್ಚಲ್ಲಿ ಎಷ್ಟೋ ದಿನದ ಮೇವು ಬರುತ್ತೆ.

ದುರ್ಗದ ಕಂಬಳಿ:

ಕುರಿ ಬಗ್ಗೆ ಹೇಳ್ತೀನಿ ಸರ್. ಟಾಟಾ ಏಸ್‌ನಲ್ಲಿ 20 ಹಿಡಿಸಲ್ಲ. ಮೋಟಾರು ವಾಹನ ನಿಯಮದ ಪ್ರಕಾರ ಒಂದು ಕುರಿಗೆ 0.3 ಚದರ ಮೀಟರ್ ಜಾಗ ಬೇಕು. ಏಸ್ ಡಬ್ಬಿ ಏಳಡಿಗೆ ಐದಡಿ ಹತ್ತಿರ, ಅಂದರೆ ಮೂರು ಚದರ ಮೀಟರು ಚಿಲ್ಲರೆ. ಹತ್ತೇ ಕುರಿ. ಎರಡು ಟ್ರಿಪ್ ಮಾಡಿ, ಇಲ್ಲ ದೊಡ್ಡ ಗಾಡಿ ನೋಡಿ. ತುಂಬಿಸಿಕೊಂಡು ಬಂದರೆ ತಿರುವಿನಲ್ಲಿ ಒಂದರ ಮೇಲೊಂದು ಬಿದ್ದು ಅಡಿಯಲ್ಲಿರೋದು ಉಸಿರುಕಟ್ಟಿ ಸಾಯುತ್ತೆ. ಕೆಳಗೆ ಒಣಹುಲ್ಲು ಹಾಸಿ, ಕಾಲು ಕಟ್ಟಬೇಡಿ, ಬೆಳಿಗ್ಗೆ ಒಂಬತ್ತರೊಳಗೆ ಮನೆ ಸೇರೋ ಹಾಗೆ ಹೊರಡಿ.

1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಕುರಿ ಮೇಕೆಗೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಕೇಳೋದು ಆರು ಗಂಟೆ ಮೀರಿದ ಪ್ರಯಾಣಕ್ಕೆ. ಚಳ್ಳಕೆರೆಯಿಂದ ಜಗಳೂರಿಗೆ ಅಷ್ಟು ಹೊತ್ತು ಬೇಕಿಲ್ಲ. ಆದರೂ ಪ್ರಮಾಣಪತ್ರ, ಸಂತೆ ರಶೀದಿ ಅಥವಾ ಮಾರಿದವರ ಸಹಿ ಇರೋ ಚೀಟಿ, ಗಾಡಿ ದಾಖಲೆ ಇಷ್ಟನ್ನ ಚಾಲಕನ ಕೈಲಿ ಕೊಡಿ. ಮುಂದೆ ಯಾವತ್ತಾದರೂ ಹಸು, ಕರು, ಎತ್ತು, 13 ವರ್ಷದೊಳಗಿನ ಎಮ್ಮೆ ಸಾಗಿಸೋದಾದರೆ ಈ ಸಡಿಲ ಬೇಡ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಅವಕ್ಕೆ ಅನ್ವಯ. ಸಾಕೋದಕ್ಕೇ ಒಯ್ಯುತ್ತಿರೋದು ಅಂತ ಕಾಗದದಲ್ಲಿ ಕಾಣಬೇಕು.

ಸಂತೆಯಿಂದ ತಂದ ಕುರಿಯನ್ನ ಹಳೇ ಹಿಂಡಿಗೆ ಸೇರಿಸದೆ ಮೂರು ವಾರ ಬೇರೆ ಇಡಿ. ಪಿಪಿಆರ್ (ಕುರಿ ಮೇಕೆಗೆ ಬರೋ ಅಂಟುರೋಗ) ಕಾಣಿಸೋದಕ್ಕೆ ನಾಲ್ಕೈದು ದಿನ ಹಿಡಿಯುತ್ತೆ, ಕೊಂಡ ದಿನ ಚೆನ್ನಾಗೇ ಮೇಯ್ತಿರುತ್ತೆ. ಲಸಿಕೆ ಹಾಕಿಸಿದ್ದಾರಾ ಅಂತ ಕೇಳಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಪ್ರಕಾರ ನಂಬಬೇಡಿ, ಮತ್ತೆ ಹಾಕಿಸಿ. ಕರುಳುಬೇನೆ ಲಸಿಕೆ ಮಳೆಗಾಲಕ್ಕೆ ಮುಂಚೆ, ಮೊದಲ ಸಲ ಆದರೆ ಎರಡು ವಾರ ಬಿಟ್ಟು ಇನ್ನೊಂದು.

ಇನ್ನೊಂದು, ಅಲ್ಲಿ ಸುತ್ತ ಮೆಕ್ಕೆಜೋಳ. ಹೊಲಕ್ಕೆ ನುಗ್ಗಿದರೆ ಬೆಳೆಯವರು ಕೊಂಡವಾಡಕ್ಕೆ (ಬೆಳೆ ಮೇಯ್ದ ದನಕುರಿ ಕೂಡಿಹಾಕೋ ದೊಡ್ಡಿಗೆ) ಹೊಡಿಯಬಹುದು, ಅದು ಕಾನೂನೇ. ತೆನೆ ಹೊಟ್ಟೆತುಂಬ ತಿಂದ ಕುರಿ ಹೊಟ್ಟೆ ಹುಳಿಯೇರಿ ಒಂದೆರಡು ದಿನದಲ್ಲಿ ಸಾಯುತ್ತೆ, ಆಗ "ವಿಷ ಹಾಕಿದ್ರು" ಅಂತ ಜಗಳ ಶುರು. ಠಾಣೆಗೆ ಹೋಗೋ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸಿ, ಹೊಟ್ಟೆ ತುಂಬ ಕಾಳು ಹುಳಿವಾಸನೆ ಹೊಡೀತಿದ್ದರೆ ವಿಷ ಅಲ್ಲ. ಸರ್ಕಾರದ ಅನುಗ್ರಹ ಯೋಜನೆ ಪರಿಹಾರಕ್ಕೂ ಅದೇ ವರದಿ ಬೇಕು.

ಮೂರನೇ ಕ್ರಾಸ್:

ನಾಯಿ ತರ್ತೀರಾ? ದೊಡ್ಡ ತಳಿಗಳನ್ನೆಲ್ಲ ಸರ್ಕಾರ ಬ್ಯಾನ್ ಮಾಡಿದೆಯಲ್ಲ, ವಿಚಾರಿಸಿ ತನ್ನಿ.

ಬೆಣ್ಣೆದೋಸೆ:

ಮೂರನೇ ಕ್ರಾಸ್ ಅವರೇ, ಅದು 2024ರ ಮಾರ್ಚಿನ ಕೇಂದ್ರದ ಸುತ್ತೋಲೆ, 23 ತಳಿಗಳದ್ದು. ನಮ್ಮ ಹೈಕೋರ್ಟೇ ಏಪ್ರಿಲ್‌ನಲ್ಲಿ ಅದನ್ನ ರದ್ದು ಮಾಡಿತು. ಲ್ಯಾಬ್ರಡಾರ್ ಆ ಪಟ್ಟಿಯಲ್ಲಿ ಇರಲೂ ಇಲ್ಲ.

ಬಾತಿಕೆರೆಯವರೇ, ನೋಂದಣಿಗೆ ಪಾಲಿಕೆ ಆರೋಗ್ಯ ಶಾಖೆಯಲ್ಲೇ ಕೇಳಿ, ರೇಬೀಸ್ ಲಸಿಕೆ ಕಾರ್ಡ್ ಇಲ್ಲದೆ ಹೋದರೆ ಸುಮ್ಮನೆ ಓಡಾಟ. ನಾಯಿ ತಳಿ ಮಾಡೋದು, ಮಾರೋದರ ಬಗ್ಗೆ ಇರೋ 2017ರ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿ ಮಾರೋ ಹಾಗಿಲ್ಲ, ತಳಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನಂಬರ್ ಕೇಳಿ, ತಡವರಿಸಿದರೆ ಬೇರೆ ಕಡೆ ನೋಡಿ. ಐದು ವಾರಕ್ಕೇ ತಾಯಿಯಿಂದ ಬಿಡಿಸಿದ ಮರಿ ಪಾರ್ವೊಗೆ (ಮರಿಗಳನ್ನ ಕೊಲ್ಲೋ ವಾಂತಿಭೇದಿ ರೋಗಕ್ಕೆ) ಬೇಗ ಸಿಗುತ್ತೆ, ಆಮೇಲೆ ಕಚ್ಚೋ ಅಭ್ಯಾಸವೂ ಹೋಗಲ್ಲ.

ಆರರಿಂದ ಎಂಟು ವಾರಕ್ಕೆ ಪಾರ್ವೊ-ಡಿಸ್ಟೆಂಪರ್ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷ ವರ್ಷ. ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಲಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಸಾಕುನಾಯಿಯ ಲಸಿಕೆ, ಸಂತಾನಹರಣ ಎಲ್ಲ ಮಾಲೀಕರ ಹೊಣೆ, ಪಾಲಿಕೆ ನೋಡೋದು ಬೀದಿನಾಯಿಗಳನ್ನ.

ಯಾರಿಗಾದರೂ ಕಚ್ಚಿದರೆ ಗಾಯವನ್ನ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಸಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚೋಕೆ ಬಿಡಬೇಡಿ. ನಾಯಿಗೆ ಲಸಿಕೆ ಆಗಿದೆ ಅಂತ ಹೇಳಿ ಅವರನ್ನ ಮನೆಗೆ ಕಳಿಸಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ. ನಾಯಿಯನ್ನ ಹತ್ತು ದಿನ ಕಟ್ಟಿ ನೋಡಬೇಕು, ಹೊಡೆದು ಸಾಯಿಸಿದರೆ ಅದಕ್ಕೆ ರೇಬೀಸ್ ಇತ್ತಾ ಅಂತ ಹೀಗೆ ನೋಡಿ ತಿಳಿಯೋ ದಾರಿ ಮುಚ್ಚಿಹೋಯ್ತು. ಇಡೀ ದಿನ ಗಿಡ್ಡ ಸರಪಳಿಯಲ್ಲಿ ಕಟ್ಟೋದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ದಂಡ ಮೊದಲ ಸಲಕ್ಕೆ ಹತ್ತರಿಂದ 50 ರೂಪಾಯಿ, ನಗಬೇಡಿ, ಇವತ್ತಿಗೂ ಪುಸ್ತಕದಲ್ಲಿ ಅಷ್ಟೇ ಇದೆ.

ಬಾತಿಕೆರೆ:

ತುಂಬಾ ಉಪಕಾರ. ಒಂದು ಹಸುವಿನ ಕಿವಿ ಓಲೆ (ಗುರುತಿನ ನಂಬರಿನ ಟ್ಯಾಗ್) ಬಿದ್ದುಹೋಗಿದೆ, ವಿಮೆ ಇದೆ. ಏನಾದರೂ ತೊಂದರೆನಾ?

ಕೊಟ್ಟಿಗೆ ಲೆಕ್ಕ:

ತೊಂದರೆ ಅಂದರೆ ದೊಡ್ಡದೇ. ಪಾಲಿಸಿ ಇರೋದು ಆ 12 ಅಂಕಿಯ ಓಲೆ ನಂಬರಿಗೆ, ನಿಮ್ಮ ಹಸುವಿಗಲ್ಲ. ಓಲೆ ಇಲ್ಲದೆ ಸತ್ತರೆ ಕ್ಲೇಮ್ ಸಿಗಲ್ಲ. ನಾಳೆಯೇ ಪಶು ಆಸ್ಪತ್ರೆಗೆ ಹೋಗಿ ಹೊಸದು ಹಾಕಿಸಿ, ಹಳೇ ನಂಬರಿನ ಜಾಗದಲ್ಲಿ ಹೊಸದು ಸರ್ಕಾರದ ಭಾರತ್ ಪಶುಧನ್ ಆನ್‌ಲೈನ್ ದಾಖಲೆಯಲ್ಲಿ ಬಂತಾ ನೋಡಿ, ವಿಮೆಯವರಿಗೆ ಲಿಖಿತವಾಗಿ ತಿಳಿಸಿ, ಹೊಸ ಓಲೆ ಕಾಣೋ ಹಾಗೆ ಹಸುವಿನ ಫೋಟೋ ಜೊತೆಗಿಡಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬರುತ್ತಲ್ಲ, ಅದೂ ದಾಖಲಾಗೋದು ಇದೇ ನಂಬರಿಗೆ.

ಸತ್ತರೆ ಹೂಳೋ ಮುಂಚೆ ವೈದ್ಯರಿಗೂ ವಿಮೆಯವರಿಗೂ ಫೋನ್ ಮಾಡಿ, ಓಲೆ ಕಿವಿಯಿಂದ ಕಿತ್ತಿಡಬೇಡಿ. ಒಂದು ಸಂದರ್ಭ ಮಾತ್ರ ಬೇರೆ: ದಿಢೀರ್ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ (ಆಂಥ್ರಾಕ್ಸ್) ಇರಬಹುದು. ಹೆಣ ಕೊಯ್ಯಬಾರದು, ಚರ್ಮ ಸುಲಿಯಲು ಕೊಡಬಾರದು, ಎಳೆದೊಯ್ಯಲೂಬಾರದು. ಗಾಳಿ ತಗುಲಿದರೆ ಆ ರೋಗಾಣು ಬೀಜಕಟ್ಟಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತೆ. ಹಾಗೇ ಮುಚ್ಚಿಟ್ಟು ಪಶು ಇಲಾಖೆಯವರನ್ನ ಕರೆಸಿ. ಕಾಯಿಲೆ ಬಿದ್ದಾಗ ಸಹಾಯವಾಣಿ 1962, ಓಲೆ ನಂಬರ್ ಗೋಡೆ ಮೇಲೆ ಬರೆದಿಟ್ಟಿದ್ದರೆ ಫೋನಲ್ಲಿ ಕೇಳಿದ ಕೂಡಲೇ ಹೇಳಬಹುದು.