ಪದಚರ್ಚೆ: ಈಜಿಪ್ಟಿನ ವಿಷಯದಲ್ಲಿ 'ಪ್ರೊಟೆಕ್ಟರೇಟ್' - ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಈಜಿಪ್ಟಿನ ಇತಿಹಾಸದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಸರಿಗೆ ತನ್ನದೇ ಅರಸನಿದ್ದು, ಹಿಡಿತ ಮಾತ್ರ ದೊಡ್ಡ ರಾಷ್ಟ್ರವೊಂದರ ಕೈಯಲ್ಲಿರುವ ದೇಶಕ್ಕೆ 'ಪ್ರೊಟೆಕ್ಟರೇಟ್' ಅನ್ನುತ್ತಾರೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತವೆ. ತಲೆಬರಹದಲ್ಲಿ ಜಾಗ ಇರುವುದು ಎರಡೇ ಪದಕ್ಕೆ. 'ಸಂರಕ್ಷಿತ ರಾಜ್ಯ' ಅಂದರೆ ಹುಲಿಧಾಮದ ಹಾಗೆ ಕೇಳಿಸುತ್ತದೆ. 'ಆಶ್ರಿತ ರಾಜ್ಯ' ಅಂದರೆ ಈಜಿಪ್ಟೇ ಹೋಗಿ ಬ್ರಿಟನ್ನಿನ ಬಾಗಿಲು ತಟ್ಟಿದಂತೆ. ನಡೆದದ್ದು ಹಾಗಲ್ಲವಲ್ಲ! ಒಂದು ಫಲಕ 1882-1914ರದ್ದು, ಇನ್ನೊಂದು 1914-1922ರದ್ದು. ಎರಡಕ್ಕೂ ಒಂದೇ ಪದ ಸಾಕಾ?

---

'ಸಾಮಂತ ರಾಜ್ಯ' ಇದೆಯಲ್ಲ. ಶಾಸನಗಳ ಕಾಲದಿಂದ ಇರುವ ಪದ. ಹೊಸದು ಯಾಕೆ ಹುಡುಕಬೇಕು?

---

> 'ಸಾಮಂತ ರಾಜ್ಯ' ಇದೆಯಲ್ಲ

ಆಗುವುದಿಲ್ಲ. ಈಜಿಪ್ಟ್ ಸಾಮಂತನಾಗಿದ್ದದ್ದು ತುರ್ಕಿಯ ಸುಲ್ತಾನನಿಗೆ. 1914ರವರೆಗೂ ಕಪ್ಪ ಕಟ್ಟುತ್ತಿದ್ದದ್ದು ಸುಲ್ತಾನನ ಲೆಕ್ಕಕ್ಕೆ, ಬ್ರಿಟನ್ನಿನ ಲೆಕ್ಕಕ್ಕಲ್ಲ. ಇನ್ನು ಸಾಮಂತ ಅಂದರೆ ಮೂಲದಲ್ಲಿ ಗಡಿಗೆ ತಾಗಿಕೊಂಡವನು, ನೆರೆಯವನು. ಲಂಡನ್ ಕೈರೋದ ನೆರೆಮನೆಯಾ?

---

ಸಂಸ್ಕೃತ ಬಿಟ್ಟು ಯೋಚಿಸಿ. ಕಾಯು, ಕಾಪು, 'ಕಾಪುನಾಡು'. ಮುಗಿಯಿತು.

---

ಮುಗಿಯಲಿಲ್ಲ. 'ಕಾಪುನಾಡು' ಅಂದರೆ ಕಾವಲು ಕಾಯುವ ನಾಡೋ, ಕಾಯಿಸಿಕೊಳ್ಳುವ ನಾಡೋ?

ನನ್ನ ಮತ 'ಹಂಗಿನ ರಾಜ್ಯ'ಕ್ಕೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಇಸ್ಮಾಯಿಲ್ 1863ರಲ್ಲಿ ಈಜಿಪ್ಟಿನ ಪಟ್ಟಕ್ಕೆ ಬಂದಾಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಈಜಿಪ್ಟಿನ ಹತ್ತಿಗೆ ಬಂಗಾರದ ಬೆಲೆ. ಅದನ್ನೇ ನಂಬಿ ರೈಲು, ಕಾಲುವೆ, ಅರಮನೆ ಅಂತ ಯುರೋಪಿನಿಂದ ಸಾಲದ ಮೇಲೆ ಸಾಲ ತಂದ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಸಾಲ ಹಾಗೇ ಉಳಿಯಿತು. 1875ರಲ್ಲಿ ಸೂಯೆಜ್ ಕಾಲುವೆಯ 1,76,602 ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. ಮರುವರ್ಷವೇ ಸಾಲ ವಸೂಲಿಗೆ ಯುರೋಪಿನವರ ಮಂಡಳಿ ಬಂದು ಕೂತಿತು. 1879ರಲ್ಲಿ ಅವನನ್ನೇ ಇಳಿಸಿದರು. ಬ್ರಿಟನ್ನಿನ ಸೈನ್ಯ ಇಳಿದದ್ದು 1882ರಲ್ಲಿ, ಎಲ್ಲ ಆದಮೇಲೆ.

ಇದನ್ನು 'ಸಂರಕ್ಷಣೆ' ಅನ್ನಬೇಕಂತೆ! ಸಾಲ ಕೊಟ್ಟವನ ಮುಂದೆ ತಲೆ ಎತ್ತಲಾಗದ ಸ್ಥಿತಿಗೆ ಕನ್ನಡದಲ್ಲಿ ಒಂದೇ ಪದ, ಹಂಗು.

---

ಹಂಗು ಹಳಗನ್ನಡದ 'ಪಂಗು'. ತಮಿಳಿನಲ್ಲಿ ಪಂಗು ಅಂದರೆ ಪಾಲು, ಷೇರು. ಈಜಿಪ್ಟ್ ಕೆಟ್ಟದ್ದೂ ಷೇರಿನಿಂದಲೇ. ಪದದೊಳಗೇ ಕಥೆ ಇದೆ ನೋಡಿ!

---

ಸದ್ದು ಕೂಡಿದ ಮಾತ್ರಕ್ಕೆ ನಂಟಾಗುವುದಿಲ್ಲ. ಅದಿರಲಿ, ಹಂಗು ಕನ್ನಡ, ರಾಜ್ಯ ಸಂಸ್ಕೃತ. ಅರಿಸಮಾಸ.

---

> ಅರಿಸಮಾಸ

'ಹಂಗಿನ' ಅನ್ನುವಲ್ಲಿ ಷಷ್ಠಿ ಎದ್ದು ಕಾಣುತ್ತಿದೆ. ಸಮಾಸವೇ ಇಲ್ಲ, ಅರಿ ಎಲ್ಲಿಂದ ಬಂತು?

---

ಹಾಗಿದ್ದರೂ 'ಹಂಗಿನ ನಾಡು' ಅನ್ನಬಹುದಲ್ಲ? ಎಲ್ಲದಕ್ಕೂ ಎರವಲು ಯಾಕೆ?

---

ಸಾಲದ ಕಥೆ ಹೇಳುವಾಗ ಎರವಲು ಬೇಡ ಅನ್ನುವವರಿಗೆ ಒಂದು ಮಾತು. ಸಾಲ ನಮ್ಮದು. ಬಡ್ಡಿ 'ವೃದ್ಧಿ'ಯ ತದ್ಭವ. ಬಾಕಿ, ವಸೂಲಿ ಎರಡೂ ಅರಬ್ಬಿ. ಸರ್ಕಾರ ಪಾರಸಿ. ಎಲ್ಲ ವಾಪಸ್ ಕೊಟ್ಟರೆ ಸಾಲ ಮಾತ್ರ ಉಳಿಯುತ್ತದೆ.

ಕೇಳಿದವರಿಗೆ ಉತ್ತರ ಯಾರೂ ಕೊಟ್ಟಿಲ್ಲ. ಒಂದೇ ಪದ ಸಾಲದು. 1882ರಿಂದ 1914ರವರೆಗೆ ಕಾಗದದಲ್ಲಿ ಪ್ರೊಟೆಕ್ಟರೇಟ್ ಇರಲೇ ಇಲ್ಲ. ಗದ್ದುಗೆಯಲ್ಲಿ ಖೆಡಿವ್ (ಈಜಿಪ್ಟಿನ ಅರಸನ ಬಿರುದು), ಅವನ ಮೇಲೆ ಹೆಸರಿಗೆ ಸುಲ್ತಾನ. ಆಡಳಿತ ಮಾತ್ರ ಬ್ರಿಟನ್ನಿನ ಪ್ರತಿನಿಧಿಯಾದ ಕಾನ್ಸುಲ್ ಜನರಲ್ ಕೈಯಲ್ಲಿ. ಕ್ರೋಮರ್ ಆ ಕುರ್ಚಿಯಲ್ಲಿ 1883ರಿಂದ 1907ರವರೆಗೆ ಕೂತಿದ್ದ. ಅಲ್ಲಿಗೆ 'ಹಂಗಿನ ರಾಜ್ಯ' ಸರಿ. 1914ರ ಡಿಸೆಂಬರಿನಲ್ಲಿ ಬ್ರಿಟನ್ ತಾನೇ ಪ್ರೊಟೆಕ್ಟರೇಟ್ ಅಂತ ಘೋಷಿಸಿತು. ಅದು ಅವರು ಇಟ್ಟ ಹೆಸರು, ಹುಲಿಧಾಮ ಅನ್ನಿಸಿದರೂ 'ಸಂರಕ್ಷಿತ ರಾಜ್ಯ' ಅಂತಲೇ ಬರೆದು ಉದ್ಧರಣ ಚಿಹ್ನೆ ಹಾಕಿ.

---

ಧನ್ಯವಾದ. ಹಾಗೇ ಮಾಡಿದೆ. ಪಂಗು, ಅರಿಸಮಾಸಗಳಿಗೆ ಫಲಕದಲ್ಲಿ ಜಾಗ ಇಲ್ಲ, ಕ್ಷಮಿಸಿ.

---

1922ರಲ್ಲಿ ಬ್ರಿಟನ್ ಘೋಷಿಸಿದ ಈಜಿಪ್ಟಿನ ಸ್ವಾತಂತ್ರ್ಯಕ್ಕೆ ಫಲಕದಲ್ಲಿ ಏನು ಹಾಕಿದ್ದೀರಿ? 'ಸ್ವತಂತ್ರ' ಅಂತಲಾ? ರಕ್ಷಣೆ, ಸಂಪರ್ಕ ಮಾರ್ಗ, ವಿದೇಶಿಯರ ಹಿತ, ಸುಡಾನ್, ನಾಲ್ಕನ್ನೂ ಬ್ರಿಟನ್ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು.

---

ಹಾಕಿಬಿಟ್ಟಿದ್ದೇನೆ. ಅದಕ್ಕೂ ಉದ್ಧರಣ ಚಿಹ್ನೆ ಬೇಕಾ?