ಬೆಂಗಳೂರಿಂದ ಲಂಡನ್‌ಗೆ ನಿಜವಾಗಿ ಎಷ್ಟು ಗಂಟೆ? ಟಿಕೆಟ್ ನೋಡಿ ಅವ್ವ ಗಾಬರಿ ಆಗಿದ್ದಾರೆ

ಕಾಫಿತೋಟ_ಗೋಣಿಕೊಪ್ಪ:
ನಮಸ್ಕಾರ. ಅಕ್ಕನಿಗೆ ಲಂಡನ್‌ನಲ್ಲಿ ಹೆರಿಗೆ, ಬಾಣಂತನಕ್ಕೆ ಅವ್ವನ್ನ ಜೂನ್‌ನಲ್ಲಿ ಕಳಿಸ್ತಾ ಇದೀವಿ, ಅವ್ರಿಗೆ 66 ವರ್ಷ, ವಿಮಾನ ಹತ್ತೋದು ಇದೇ ಮೊದಲು, ಮಂಡಿನೋವು ಬೇರೆ. ಟಿಕೆಟಲ್ಲಿ ಬೆಂಗಳೂರು ಬಿಡೋದು ಬೆಳಿಗ್ಗೆ 7.30, ಲಂಡನ್ ಮುಟ್ಟೋದು ಮಧ್ಯಾಹ್ನ 1.45, ಅಂದ್ರೆ ಆರೂಕಾಲು ಗಂಟೆ. ಸೆಪ್ಟೆಂಬರ್‌ನಲ್ಲಿ ವಾಪಸ್ ಬರುವಾಗ 2.30ಕ್ಕೆ ಹೊರಟು ಮರುದಿನ ಬೆಳಿಗ್ಗೆ 5ಕ್ಕೆ, ಹದಿನಾಲ್ಕೂವರೆ ಗಂಟೆ! ಅವ್ವ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಎರಡು ಸಲ ಲೆಕ್ಕ ಹಾಕಿ ‘ಬರುವಾಗ ಅಷ್ಟು ಹೊತ್ತು ಎಲ್ಲಿ ಸುತ್ತಿಸ್ತಾರೆ’ ಅಂತ ಕೇಳ್ತಿದ್ದಾರೆ. ನಮಗೆ ಕಣ್ಣೂರು ಹತ್ರ, ಅಲ್ಲಿಂದ ಕಳಿಸೋದು ವಾಸಿನಾ?

ಮೋಡ_ಮಡಿಕೇರಿ:
ಎರಡೂ ಕಡೆ ಬರೆದಿರೋದು ಆಯಾ ಊರಿನ ಟೈಮ್. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನ ಕೂಡಿಸಿ, 10 ಗಂಟೆ 45 ನಿಮಿಷ. ಬರುವಾಗ ಕಳೀರಿ, ಸರಿಯಾಗಿ 10 ಗಂಟೆ. ಅಕ್ಟೋಬರ್ ಕೊನೇ ಭಾನುವಾರ ಅವ್ರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆಮೇಲೆ ಐದೂವರೆ ಗಂಟೆ ವ್ಯತ್ಯಾಸ. ಅವ್ವನ ವಾಚು ನಮ್ಮ ಟೈಮಲ್ಲೇ ಇರ್ಲಿ, ಮಾತ್ರೆ ತಗೊಳ್ಳೋಕೆ ಗೊಂದಲ ಆಗಲ್ಲ, ನನ್ನ ಅತ್ತೆಗೆ ಹಂಗೇ ಮಾಡಿದ್ದು.

ಪೊನ್ನಂಪೇಟೆ_ಮೇಷ್ಟ್ರು:
ಹಾಗಾದ್ರೆ ಹೋಗುವಾಗ ಮುಕ್ಕಾಲು ಗಂಟೆ ಯಾಕೆ ಜಾಸ್ತಿ ಅಂದ್ರೆ, ಗಾಳಿ. ನೇರ ದೂರ ಸುಮಾರು 8,050 ಕಿಲೋಮೀಟರ್, ಗಂಟೆಗೆ 900 ಅಂತ ಹಿಡಿದ್ರೆ ಒಂಬತ್ತು ಗಂಟೆ ಸಾಕು. ಆದ್ರೆ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸ್ತಿರತ್ತೆ, ಹೋಗುವಾಗ ಎದುರಾಗತ್ತೆ, ಬರುವಾಗ ಬೆನ್ನಿಗೆ ಬಂದು ತಳ್ಳತ್ತೆ. ಮತ್ತೆ ವಿಮಾನ ಸೀದಾ ಗೆರೆ ಎಳೆದ ಹಾಗೆ ಹೋಗೋದೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಅರಬ್ಬೀ ಸಮುದ್ರದ ಮೇಲಿಂದ ಸುತ್ತಿ ಹೋಗಬೇಕಾಯ್ತು. ರನ್‌ವೇಗೆ ಹೋಗಿ ಕಾಯೋದು, ಇಳಿದ ಮೇಲೆ ಗೇಟಿಗೆ ಬರೋದು, ಅದೂ ಟಿಕೆಟ್ ಟೈಮಿನೊಳಗೇ ಸೇರಿರತ್ತೆ.

ವಿರಾಜಪೇಟೆ_ಹುಡುಗ:
ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರಲ್ಲಿ ಶುರುವಾದಾಗ ನಾವೂ ಖುಷಿಪಟ್ವಿ, ಗಲ್ಫಿಗೆ ಹೋಗೋರಿಗೆ ಅದೇ ಒಳ್ಳೇದು. ಲಂಡನ್‌ಗೆ ಅಲ್ಲಿಂದ ನೇರ ವಿಮಾನ ಇಲ್ಲ, ಮಧ್ಯೆ ಇಳಿದು ಬದಲಿಸ್ಬೇಕು, ಮಂಡಿನೋವು ಇರೋರಿಗೆ ಅದು ಬೇಡವೇ ಬೇಡ. ಜೂನ್ ಮಳೇಲಿ ಮಾಕುಟ್ಟ ಘಾಟಿನ ರಸ್ತೆನೂ ನಂಬೋ ಹಾಗಿಲ್ಲ. ಬೆಂಗಳೂರಿಂದಾನೇ ಕಳ್ಸಿ. ಆದ್ರೆ ಗೋಣಿಕೊಪ್ಪದಿಂದ ದೇವನಹಳ್ಳಿಗೆ ಹೆಚ್ಚುಕಮ್ಮಿ 270 ಕಿಲೋಮೀಟರ್, 4.30ಕ್ಕೆಲ್ಲ ಚೆಕ್-ಇನ್‌ಗೆ ಇರ್ಬೇಕು, ರಾತ್ರಿ ಹೊತ್ತು ತಿತಿಮತಿ ಆನೆಚೌಕೂರು ಕಡೆ ಆನೆ ರಸ್ತೆಗೆ ಬರತ್ತೆ, ಅದಕ್ಕೇ ಹಿಂದಿನ ದಿನ ಬೆಳಕಿರುವಾಗಲೇ ಹೊರಟು ಬೆಂಗಳೂರಲ್ಲಿ ಮಲಗಿಸಿ. ವೀಲ್‌ಚೇರ್ ಈಗ್ಲೇ ಕೇಳಿಡಿ. ವಿಮಾನದಲ್ಲಿ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೀಲಿ, ನೀರು ಕುಡೀಲಿ. ಮತ್ತೆ ಪಂದಿ (ಹಂದಿಮಾಂಸದ) ಉಪ್ಪಿನಕಾಯಿ, ತುಪ್ಪ ಕಟ್ಟಬೇಡಿ, ಮಾಂಸ ಮತ್ತೆ ಹಾಲಿನ ಪದಾರ್ಥ ಅಲ್ಲಿ ಬಿಡಲ್ಲ.

ಕಾಫಿತೋಟ_ಗೋಣಿಕೊಪ್ಪ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಓದಿ ಹೇಳ್ದೆ, ಕ್ಯಾಲೆಂಡರ್ ಹಿಂದೆ ಅದೇ ಲೆಕ್ಕದ ಕೆಳಗೆ 4.30 ಕೂಡಿಸಿ ಒಂದು ಗೆರೆ ಎಳೆದ್ರು. ಉಪ್ಪಿನಕಾಯಿ ಡಬ್ಬಿ ವಾಪಸ್ ಕಪಾಟಿಗೆ ಹೋಯ್ತು, ಆ ಜಾಗಕ್ಕೆ ಎರಡು ಕೆಜಿ ಕಾಫಿಪುಡಿ.