ಸಹಾಯ ಬೇಕು: ಎಸ್‌ಐಡಿ ಒಂದು ದಾರಿ, ಎಟಿಸಿ ಇನ್ನೊಂದು ದಾರಿ

ನಮಸ್ಕಾರ ರೀ. ನಾನು ಕಲಬುರಗಿಯವನು. ಫ್ಲೈಟ್ ಸಿಮ್ಯುಲೇಟರ್ ಆಟದಲ್ಲಿ (ಸಿಮ್) ಏರ್‌ಬಸ್ ಎ320 ವಿಮಾನ ಹಾರಿಸುತ್ತೇನೆ, ಹೆಚ್ಚಾಗಿ ಬೆಂಗಳೂರಿನಿಂದ ನಮ್ಮೂರಿಗೆ. 2019ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾದಾಗಿಂದ ಈ ಹುಚ್ಚು.

ಎಂಸಿಡಿಯುನಲ್ಲಿ (ಕಾಕ್‌ಪಿಟ್‌ನಲ್ಲಿ ದಾರಿ ತುಂಬಿಸುವ ಪರದೆ-ಕೀಲಿಗಳ ಸಾಧನ) ರನ್‌ವೇ, ಎಸ್‌ಐಡಿ (ನಿಲ್ದಾಣದಿಂದ ಹೊರಡಲು ಮೊದಲೇ ಗೊತ್ತುಮಾಡಿದ ದಾರಿ) ಎರಡನ್ನೂ ಹಾಕಿರುತ್ತೇನೆ. ಮೇಲೆದ್ದ ಮೇಲೆ ನ್ಯಾವ್ ಮೋಡ್ (ತುಂಬಿಸಿದ ದಾರಿಯನ್ನೇ ಹಿಡಿಯುವ ಮೋಡ್) ಹಸಿರಾಗಿ, ವಿಮಾನ ಗೆರೆ ಹಿಡಿದು ಚೆನ್ನಾಗಿಯೇ ತಿರುಗುತ್ತೆ. ಅಷ್ಟರಲ್ಲಿ ಸಿಮ್ ಜೊತೆಗೇ ಬರುವ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಬೇರೆ ಹೆಡಿಂಗ್ (ಹಾರಬೇಕಾದ ದಿಕ್ಕು) ಕೊಡುತ್ತೆ. ಕೇಳಿದರೆ ಎಸ್‌ಐಡಿ ಕೈಬಿಟ್ಟಂತೆ. ಕೇಳದಿದ್ದರೆ ಪದೇ ಪದೇ ಗದರಿಕೆ, ಆಮೇಲೆ ಐಎಫ್‌ಆರ್ (ಉಪಕರಣ ನೋಡಿ ಹಾರುವ ನಿಯಮದಡಿಯ ಹಾರಾಟ) ರದ್ದು!

ನಿಜವಾದ ಕಂಟ್ರೋಲರ್ ವೆಕ್ಟರ್ (ಇಂಥ ದಿಕ್ಕಿಗೆ ಹಾರು ಅನ್ನುವ ಸೂಚನೆ) ಕೊಟ್ಟರೆ ಆ ಹೆಡಿಂಗ್ ಹಿಡಿಯಲೇಬೇಕು, ಸರಿ. 'ಕ್ಲೈಂಬ್ ವಯಾ ಎಸ್‌ಐಡಿ' ಅಂದರೆ ಚಾರ್ಟ್‌ನಲ್ಲಿರುವ ಎತ್ತರದ ಮಿತಿ ಪಾಲಿಸುತ್ತಾ ಹತ್ತಬೇಕು, ಅದೂ ಸರಿ. ಆದರೆ ಈ ಎಟಿಸಿಗೆ ನನ್ನ ಎಸ್‌ಐಡಿ ಗೊತ್ತೇ ಇಲ್ಲ ಅನ್ನಿಸುತ್ತೆ. ಎಂಸಿಡಿಯುನಲ್ಲಿ ಹಾಕಿದ್ದು ಅದಕ್ಕೆ ತಲುಪಲ್ವಾ? ಹಾರುವ ಮೊದಲೇ ಫ್ಲೈಟ್ ಪ್ಲಾನ್‌ನಲ್ಲೂ ಅದೇ ಎಸ್‌ಐಡಿ ಆರಿಸಬೇಕಾ? ಎತ್ತರ ಬೇರೆ ಹೇಳಿದರೆ ಯಾರ ಮಾತು ಕೇಳೋದು?

ಸುಮ್ನೆ ವ್ಯಾಟ್‌ಸಿಮ್‌ಗೆ (ಮನುಷ್ಯರೇ ಎಟಿಸಿ ಆಗುವ ಆನ್‌ಲೈನ್ ಸಿಮ್ ಜಾಲ) ಹೋಗು ಅನ್ನಬೇಡಿ ರೀ. ಅಲ್ಲಿ ಮನುಷ್ಯರ ಜೊತೆ ಮಾತಾಡಲು ಇನ್ನೂ ಧೈರ್ಯ ಸಾಲದು. ಗೊತ್ತಿರುವ ಅಣ್ಣಂದಿರು ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಹಾಕಿದರೆ ದೊಡ್ಡ ಉಪಕಾರ.